ಶಿಕಾಗೋದ ದೋಣಿಯಲ್ಲಿ ನಾನಿದ್ದೆನೇ?

ಶಿಕಾಗೋ ನದಿಯಲ್ಲಿ ದೋಣಿ ಸಾಗುತ್ತಿದೆ. ಎರಡೂ ದಡದಲ್ಲಿ ಗಾಜಿನ ಗೋಪುರಗಳು, ತಲೆಯ ಮೇಲೆ ಒಂದರ ಹಿಂದೊಂದು ಕಬ್ಬಿಣದ ಸೇತುವೆಗಳು. ಗಾಳಿಗೆ ಕಿವಿ ಗುಂಯ್‌ಗುಡುತ್ತಿದೆ. ನಾನು ಪಕ್ಕದಲ್ಲಿರುವ ಗೆಳೆಯನ ಕಡೆ ಬಾಗಿ ಕೂಗಿ ಹೇಳುತ್ತೇನೆ: "ನೀನು ಇದ್ದು ನಿಧಾನಕ್ಕೆ ಬಾರೋ. ಕಾರ್ಡ್ ಇದೆಯಲ್ಲ, ಏನಾಗತ್ತೆ?" ಅವನು ಸ್ವಲ್ಪ ಹೊತ್ತು ನೀರು ನೋಡಿ, ಆಯಿತು ಎನ್ನುವಂತೆ ತಲೆಯಾಡಿಸುತ್ತಾನೆ.

ಇದು ನಡೆಯಿತೋ ಇಲ್ಲವೋ ನನಗೆ ಗೊತ್ತಿಲ್ಲ. ಆ ಮಾತು ನನ್ನದೇ ಎಂದು ಬೆಳಿಗ್ಗೆ ಎದ್ದ ಕೂಡಲೇ ಖಂಡಿತವಾಗಿ ಅನ್ನಿಸುತ್ತದೆ. ಮಧ್ಯಾಹ್ನದ ಹೊತ್ತಿಗೆ ಅನುಮಾನ ಹತ್ತಿಕೊಳ್ಳುತ್ತದೆ. ದೋಣಿಯ ಬಗ್ಗೆಯಂತೂ ಇನ್ನೂ ದೊಡ್ಡ ಅನುಮಾನ. ನಾನು ಶಿಕಾಗೋದಲ್ಲಿ ಇದ್ದದ್ದು ಕೊರೊನಾ ಶುರುವಾದ ವರ್ಷದ ಮಾರ್ಚ್ ತಿಂಗಳಲ್ಲಿ, ಕೆಲವೇ ದಿನ. ನಗರ ಒಂದೊಂದೇ ಬಾಗಿಲು ಮುಚ್ಚಿಕೊಳ್ಳುತ್ತಿದ್ದ ದಿನಗಳು ಅವು. ದೋಣಿಯವರು ಮಾತ್ರ ಪ್ರವಾಸಿಗಳನ್ನು ಕೂರಿಸಿಕೊಂಡು ತಿರುಗುತ್ತಿದ್ದರೆಂದು ನಂಬುವುದು ಕಷ್ಟ. ಆದರೆ ಆ ನೀರಿನ ಹಸಿರು, ಸೇತುವೆಯ ಕೆಳಗೆ ಹೋದಾಗ ಮೈಮೇಲೆ ಬೀಳುವ ತಣ್ಣನೆ ನೆರಳು, ಎಲ್ಲ ನನಗೆ ಗೊತ್ತಿದೆ.

ನನ್ನ ಹೊಟ್ಟೆಪಾಡೇ ಇಂಥ ಅನುಮಾನ. ಜಪಾನಿನ ಸಗಮಿಹಾರಾದಲ್ಲಿ ಬಾಹ್ಯಾಕಾಶ ವಿಜ್ಞಾನದ ಕ್ಯಾಂಪಸ್ಸೊಂದಿದೆ. ಅಲ್ಲಿ ದೂರದರ್ಶಕದ ಕ್ಯಾಮೆರಾಗಳಿಂದ ಬಂದ ಚಿತ್ರಗಳನ್ನು ಚೊಕ್ಕ ಮಾಡುವುದು ನನ್ನ ಕೆಲಸ. ಯಾವ ಚುಕ್ಕೆ ನಿಜವಾದ ನಕ್ಷತ್ರ, ಯಾವುದು ಉಪಕರಣವೇ ಹುಟ್ಟಿಸಿಕೊಂಡದ್ದು ಎಂದು ಬೇರ್ಪಡಿಸುತ್ತ ಕೂರುತ್ತೇನೆ. ಬಹಳ ಹೊಳೆಯುವ ನಕ್ಷತ್ರವೊಂದನ್ನು ನೋಡಿದ ಕ್ಯಾಮೆರಾ ಅದರ ಮಸುಕು ಗುರುತನ್ನು ಮುಂದಿನ ಚಿತ್ರಕ್ಕೂ ಹೊತ್ತುಕೊಂಡು ಹೋಗುತ್ತದೆ. ಆ ಜಾಗದಲ್ಲಿ ಆಕಾಶ ಖಾಲಿ ಇದ್ದರೂ ಚಿತ್ರದಲ್ಲಿ ಬೆಳಕಿರುತ್ತದೆ. ಈ ದೋಷ ತಿಳಿದವನಿಗೆ ತನ್ನ ತಲೆಯ ಮೇಲೆ ಎಷ್ಟು ನಂಬಿಕೆ ಉಳಿದೀತು?

ಗೆಳೆಯ ನನ್ನಂತಲ್ಲ. ಮೈಸೂರಿನ ಇಂಜಿನಿಯರಿಂಗ್ ಕಾಲೇಜಿನಲ್ಲಿ ನಾವಿಬ್ಬರೂ ಒಂದೇ ಬೆಂಚಿನವರು. ನಾನು ಓದುತ್ತಲೇ ಉಳಿದು ಜಪಾನಿಗೆ ಬಂದೆ. ಅವನನ್ನು ಸಾಫ್ಟ್‌ವೇರ್ ಕಂಪನಿಯೊಂದು ಜಪಾನಿಗೆ ಕಳಿಸಿತು. ಟೋಕಿಯೋ ಪಕ್ಕದ ಉರಯಾಸುವಿನಲ್ಲಿ ಮನೆ ಮಾಡಿದ್ದ. ನನಗೂ ಅವನಿಗೂ ನಡುವೆ ರೈಲಿನಲ್ಲಿ ಎರಡು ತಾಸಿನ ದಾರಿ. ನನ್ನನ್ನು ಕರೆಯುವುದು 'ವಿಜ್ಞಾನಿ' ಎಂದು. ಆ ಪದದಲ್ಲಿ ಅವನು ಎಂದೂ ಗೌರವ ಇಟ್ಟದ್ದಿಲ್ಲ. ಅವನ ಹೆಂಡತಿಯನ್ನು ನಾನು ಅತ್ತಿಗೆ ಎನ್ನುತ್ತೇನೆ. ಆ ಮಾರ್ಚಿನಲ್ಲಿ ಅತ್ತಿಗೆಗೆ ಐದು ತಿಂಗಳು.

ಕಂಪನಿಯ ಕೆಲಸಕ್ಕೆ ಅವನು ಶಿಕಾಗೋಗೆ ಹೋಗಿ ಆಗಲೇ ಕೆಲವು ವಾರಗಳಾಗಿದ್ದವು. ನಾನು ಹೋದದ್ದು ಒಂದು ಸಮ್ಮೇಳನಕ್ಕೆ. ವಿಮಾನ ಇಳಿದು ಫೋನ್ ತೆರೆದಾಗ ಸಮ್ಮೇಳನ ರದ್ದಾಗಿದೆ ಎಂಬ ಸಂದೇಶ ಕಾದಿತ್ತು. ಅವನು ವಿಮಾನ ನಿಲ್ದಾಣಕ್ಕೇ ಬಂದಿದ್ದ.

"ಬಾರಪ್ಪ ವಿಜ್ಞಾನಿ, ನಿನ್ನ ಕಾನ್ಫರೆನ್ಸ್ ಎಗರಿಹೋಯ್ತಂತೆ! ಒಳ್ಳೇದೇ ಆಯ್ತು ಬಿಡು. ನೀನು ಮಾತಾಡೋದು ಕೇಳೋ ಕಷ್ಟ ಅವರಿಗೆ ತಪ್ಪಿತು. ನಡಿ, ಊರು ನೋಡೋಣ."

ಊರು ನೋಡಿದೆವು. ಈ ಭಾಗದಲ್ಲಿ ನನಗೆ ಹೆಚ್ಚು ಅನುಮಾನವಿಲ್ಲ, ಏಕೆಂದರೆ ಫೋಟೋಗಳಿವೆ. ಹುರುಳಿಕಾಳಿನ ಆಕಾರದ ದೊಡ್ಡ ಉಕ್ಕಿನ ಕನ್ನಡಿಯ ಮುಂದೆ ನಿಂತಿದ್ದೇವೆ. ಅದರಲ್ಲಿ ನಮ್ಮಿಬ್ಬರ ಹೊಟ್ಟೆಗಳು ಮುಂದೆ, ಇಡೀ ನಗರ ಹಿಂದೆ. "ನೋಡು, ಅಲ್ಲಿ ಉರಯಾಸುವಿನಲ್ಲಿ ಅವಳಿಗೆ ಐದು ತಿಂಗಳು, ಇಲ್ಲಿ ನಿನಗೆ ಏಳು," ಎಂದ. ಎತ್ತರದ ಕಟ್ಟಡವೊಂದರ ತುದಿಯಲ್ಲಿ ಗಾಜಿನ ನೆಲದ ಪೆಟ್ಟಿಗೆಯೊಂದು ಹೊರಗೆ ಚಾಚಿಕೊಂಡಿತ್ತು. ಅವನು ಅದರೊಳಗೆ ಹೋಗಿ ಕುಣಿದ. ನಾನು ಕಾಲಿಡಲಿಲ್ಲ. "ಭೌತಶಾಸ್ತ್ರ ಓದಿದೀಯ, ಗಾಜಿನ ಮೇಲೆ ನಂಬಿಕೆ ಇಲ್ವಾ?" ಎಂದು ಒಳಗಿಂದ ಕೂಗಿದ. ಮರುದಿನ ಆ ಕಟ್ಟಡ ಮುಚ್ಚಿದರು. ಸರೋವರದ ದಡದಲ್ಲಿ ಅಲೆ ಹೊಡೆಯುತ್ತಿತ್ತು, ಆಚೆ ದಡ ಕಾಣುತ್ತಿರಲಿಲ್ಲ. ಮೂಗು ಕಿತ್ತುಹೋಗುವಂಥ ಚಳಿಯಲ್ಲಿ ನಿಂತು ಅವನು, "ಇದು ಸಮುದ್ರ ಕಣೋ. ಉಪ್ಪು ಹಾಕೋದು ಮರೆತಿದಾರೆ ಅಷ್ಟೆ," ಎಂದ.

ನಮ್ಮ ಊರಿನವರಿಗೆ ಶಿಕಾಗೋ ಎಂದರೆ ಬಹಳ ಹಿಂದೆ ಅಲ್ಲಿ ನಡೆದ ಒಂದು ಭಾಷಣ. ಗೆಳೆಯನ ತಾಯಿಗೂ ಅಷ್ಟೇ. ಆ ಭಾಷಣ ನಡೆದ ಕಟ್ಟಡದ ಒಳಗೆ ನಿಂತು ಮಗ ಫೋಟೋ ತೆಗೆಸಿಕೊಳ್ಳಬೇಕು ಎಂಬುದು ಅವರ ಆಸೆ. ಈಗ ಅದು ಕಲಾ ಸಂಗ್ರಹಾಲಯ, ಬಾಗಿಲಲ್ಲಿ ಎರಡು ಕಂಚಿನ ಸಿಂಹಗಳು. ನಾವು ಹೋದಾಗ ಮುಚ್ಚಿತ್ತು. ಅಲ್ಲಿಂದಲೇ ವಿಡಿಯೋ ಕರೆ ಮಾಡಿ ತೋರಿಸಿದೆವು.

"ಒಳಗ್ ಹೋಗಕ್ಕಾಗಲ್ವೇನೋ?" ಎಂದರು ಅವರು ಮೈಸೂರಿನಿಂದ.

"ಇಲ್ಲಮ್ಮ, ಮುಚ್ಚಿದಾರೆ. ಎರಡು ವಾರದಲ್ಲಿ ತೆಗೀಬಹುದು ಅಂತಾರೆ."

"ಸರಿ, ಸಿಂಹದ ಪಕ್ಕ ನಿಂತ್ಕೋ. ಎರಡು ವಾರ ಆದ್ಮೇಲೆ ಒಳಗೆ ಹೋಗು. ಏನಪ್ಪ, ನೀನಾದ್ರೂ ಹೇಳು ಅವನಿಗೆ." ಕೊನೆಯ ಮಾತು ನನಗೆ. ಕಾಲೇಜು ದಿನಗಳಲ್ಲಿ ನಾನು ಊಟ ಮಾಡಿದ್ದು ನಮ್ಮ ಮನೆಗಿಂತ ಅವರ ಮನೆಯಲ್ಲೇ ಹೆಚ್ಚು.

ನಾನು ಹೊರಡುವ ಹಿಂದಿನ ದಿನ ಅವನ ಕ್ಲಯಂಟ್ ಆಫೀಸೂ ಮುಚ್ಚಿತು. ಎಲ್ಲರೂ ಇದ್ದಲ್ಲಿಂದಲೇ ಕೆಲಸ ಮಾಡಿ ಎಂದರು. ಅವತ್ತು ನದಿಯ ಹತ್ತಿರ (ಸೇತುವೆಯ ಮೇಲೋ, ದೋಣಿಯಲ್ಲೋ, ದಡದ ಬೆಂಚಿನಲ್ಲೋ) ಅವನು ಕೇಳಿದ:

"ನಾನೂ ನಿನ್ ಜೊತೆ ಬಂದ್ಬಿಡ್ಲೇನೋ? ರೂಮಲ್ಲಿ ಕೂತು ಮಾಡೋ ಕೆಲ್ಸ ಉರಯಾಸೂಲೇ ಮಾಡ್ಬಹುದು. ಟಿಕೆಟ್ ಚೇಂಜ್ ಮಾಡಿಸ್ತೀನಿ."

ಅವನು ಹಾಗೆ ಕೇಳಿದ್ದರಲ್ಲಿ ನನಗೆ ಅನುಮಾನವಿಲ್ಲ. ನಾನು ಕೊಟ್ಟ ಉತ್ತರದ ವಿಷಯದಲ್ಲೇ ಕಷ್ಟ. ಆಗ ಹೆದರಿಕೆಯ ನಕಾಶೆ ಬೇರೆಯಾಗಿತ್ತು. ಯೋಕೊಹಾಮಾ ಬಂದರಿನಲ್ಲಿ ಕೊರೊನಾ ರೋಗಿಗಳೊಡನೆ ನಿಂತ ಹಡಗಿನ ಸುದ್ದಿ ಇನ್ನೂ ಹಳತಾಗಿರಲಿಲ್ಲ. ಜಪಾನಿನ ಶಾಲೆಗಳು ಮುಚ್ಚಿದ್ದವು. ಅಮೆರಿಕವೇ ವಾಸಿ ಎಂದು ನಂಬಿದ್ದವರಲ್ಲಿ ನಾನೂ ಒಬ್ಬ. ನಾನು ಕಾಗದದ ಲೋಟದಲ್ಲಿ ಕಾಫಿ ಹಿಡಿದು, ಅಂಕಿ ಅಂಶ ಸೇರಿಸಿ, ಅವನಿಗೆ ಒಂದು ಸಣ್ಣ ಉಪನ್ಯಾಸ ಕೊಟ್ಟ ನೆನಪು. ಎರಡು ವಿಮಾನ ನಿಲ್ದಾಣ ದಾಟಿ ರೋಗ ಅಂಟಿಸಿಕೊಂಡು ಹೋಗಿ ಬಸುರಿ ಹೆಂಡತಿಗೆ ಕೊಡುತ್ತೀಯಾ? ನಿನ್ನ ಟಿಕೆಟ್ ತಿಂಗಳ ಕೊನೆಗಿದೆ, ಅಷ್ಟರಲ್ಲಿ ಗಲಾಟೆ ತಣ್ಣಗಾಗುತ್ತದೆ. ಕಂಪನಿಯ ಕೆಲಸ ಮುಗಿಸಿ, ಅಮ್ಮ ಕೇಳಿದ ಫೋಟೋ ತೆಗೆಸಿಕೊಂಡು ಬಾ. ರೆಸಿಡೆನ್ಸ್ ಕಾರ್ಡ್ ಇದೆಯಲ್ಲ. ನಾವೇನು ಪ್ರವಾಸಿಗಳಾ, ಒಳಗೆ ಬಿಡದೇ ಇರೋದಕ್ಕೆ?

ಜಪಾನ್ ಸರ್ಕಾರ ವಿದೇಶಿಯರಿಗೆ ಕೊಡುವ ಆ ಕಾರ್ಡು ನಮ್ಮ ಪರ್ಸಿನಲ್ಲಿ ಸದಾ ಇರುತ್ತದೆ, ಇರಲೇಬೇಕು. ಜಪಾನಿನಲ್ಲಿ ವರ್ಷಗಟ್ಟಲೆ ಇದ್ದ ನಮಗೆ ಅದು ಮನೆಯ ಬೀಗದ ಕೈಯಂತಾಗಿಬಿಟ್ಟಿತ್ತು. ಬೀಗ ನಮ್ಮದಲ್ಲ ಎಂಬುದು ಆವರೆಗೆ ಒಬ್ಬರಿಗೂ ಹೊಳೆದಿರಲಿಲ್ಲ.

ಉಪದೇಶ ಮಾಡಿದ ನಾನು ಮರುದಿನ ಅವೇ ಎರಡು ವಿಮಾನ ನಿಲ್ದಾಣಗಳನ್ನು ದಾಟಿ ಮನೆ ಸೇರಿದೆ. ಪ್ರವಾಸದಿಂದ ಬಂದವರು ಲ್ಯಾಬಿನವರಿಗೆಲ್ಲ ತಿನಿಸು ತರುವುದು ಇಲ್ಲಿನ ಪದ್ಧತಿ. ಒಬ್ಬೊಬ್ಬರಿಗೆ ಒಂದೊಂದು ಎಂದು ಬಿಡಿಬಿಡಿಯಾಗಿ ಸುತ್ತಿದ್ದಾಗಿರಬೇಕು. ಅಂಥ ಚಾಕಲೇಟಿನ ಡಬ್ಬಿಯನ್ನು ಶಿಕಾಗೋದಲ್ಲಿ ಹುಡುಕಲು ಗೆಳೆಯನನ್ನು ಮೂರು ಅಂಗಡಿ ಸುತ್ತಿಸಿದ್ದೆ. ತಂದು ಚಹಾ ಮೇಜಿನ ಮೇಲೆ ಇಟ್ಟೆ. ಎಲ್ಲರೂ ದೂರದಿಂದ "ಅರಿಗಾತೋ" ಎಂದು ತಲೆಬಾಗಿದರು. ಯಾರೂ ಮುಟ್ಟಲಿಲ್ಲ. ಡಬ್ಬಿ ಅಲ್ಲೇ ಬೇಸಿಗೆಯವರೆಗೂ ಕೂತಿತ್ತು.

ತಿಂಗಳ ಕೊನೆಯ ಅವನ ವಿಮಾನ ರದ್ದಾಯಿತು. ಮುಂದಿನ ವಾರದ್ದಕ್ಕೆ ಹಾಕಿಕೊಟ್ಟರು. ಆ ವಾರ ಬರುವಷ್ಟರಲ್ಲಿ, ಏಪ್ರಿಲಿನ ಆರಂಭದಲ್ಲಿ, ಜಪಾನ್ ಅಮೆರಿಕದಿಂದ ಬರುವ ವಿದೇಶಿಯರಿಗೆಲ್ಲ ಬಾಗಿಲು ಹಾಕಿತು. ಜಪಾನೀಯರು ಬರಬಹುದು, ನಾವು ಬರುವಂತಿಲ್ಲ, ಕಾರ್ಡಿದ್ದರೂ ಅಷ್ಟೆ. ಭಾರತಕ್ಕೂ ವಿಮಾನ ನಿಂತಿತ್ತು. ಅವನು ಅಲ್ಲೇ, ಕಂಪನಿ ಕೊಡಿಸಿದ ಒಂದು ಕೋಣೆಯಲ್ಲಿ ಸಿಕ್ಕಿಕೊಂಡ. ಸುದ್ದಿ ಬಂದ ಬೆಳಿಗ್ಗೆ ಫೋನ್ ಮಾಡಿದ. ಅವನು ನಗುತ್ತಿದ್ದ.

"ತೆರಿಗೆ ಕಟ್ತೀವಿ, ಪೆನ್ಷನ್ ಕಟ್ತೀವಿ, ಕಸ ಕೂಡ ಬೇರೆ ಬೇರೆ ಮಾಡಿ ವಾರ ನೋಡ್ಕೊಂಡು ಹಾಕ್ತೀವಿ. ಆದ್ರೂ ಒಳಗ್ ಬಿಡಲ್ವಂತೆ ಕಣೋ! ಬಾಟ್ಲಿ ತೊಳೆದು ಹಾಕಿದ್ದೆಲ್ಲ ವೇಸ್ಟು."

"ಎಷ್ಟು ದಿನ ಅಂತೆ?"

"ಯಾರಿಗೊತ್ತು. ಜುಲೈ ಒಳಗೆ ಆಗ್ಲೇಬೇಕಲ್ಲ." ನಗು ಅಲ್ಲಿಗೆ ನಿಂತಿತು. ಮಗುವಿಗೆ ಜುಲೈ ಎಂದು ಹೇಳಿದ್ದರು.

ನಾನು ಕ್ಷಮೆ ಕೇಳಬೇಕಿತ್ತು. ನಾನು ಕೇಳಿದ್ದು, "ಅತ್ತಿಗೆಗೆ ಏನಾದ್ರೂ ಬೇಕಾ?" ಎಂದು. ಅಂದಿನಿಂದ ನನ್ನ ಪ್ರಾಯಶ್ಚಿತ್ತವೆಲ್ಲ ಸಾಮಾನು ಹೊರುವ ರೂಪದಲ್ಲೇ ನಡೆಯಿತು.

ಎರಡು ವಾರಕ್ಕೊಮ್ಮೆ ಉರಯಾಸುಗೆ ಹೋಗುತ್ತಿದ್ದೆ. ದಾರಿಯಲ್ಲಿ ನಿಶಿಕಸಾಯಿಯಲ್ಲಿ ಇಳಿದು ಭಾರತೀಯರ ಅಂಗಡಿಯಿಂದ ತೊಗರಿಬೇಳೆ, ಹುಣಸೆಹಣ್ಣು, ಇಂಗು. ಅವರ ಮನೆಯ ಬಾಗಿಲ ಹಿಡಿಗೆ ಚೀಲ ನೇತುಹಾಕಿ, ಗಂಟೆ ಒತ್ತಿ, ಮೆಟ್ಟಿಲ ಹತ್ತಿರಕ್ಕೆ ಹಿಂದೆ ಸರಿದು ನಿಲ್ಲುವುದು. ಅತ್ತಿಗೆ ಬಾಗಿಲು ತೆರೆದು ಅಲ್ಲಿಂದಲೇ ಮಾತಾಡುತ್ತಿದ್ದರು. ಪ್ರತಿಸಲ ರೈಲಿನಲ್ಲಿ ನನ್ನ ಉಸಿರನ್ನೇ ಅನುಮಾನಿಸುತ್ತ ಹೋಗುತ್ತಿದ್ದೆ: ಗೆಳೆಯನನ್ನು ಯಾವ ಭಯ ತೋರಿಸಿ ನಿಲ್ಲಿಸಿದೆನೋ ಆ ರೋಗವನ್ನು ನಾನೇ ತಂದುಕೊಟ್ಟರೆ?

ಒಂದು ದಿನ ಅತ್ತಿಗೆ ಚೀಲ ಎತ್ತಿಕೊಳ್ಳದೆ ಚೌಕಟ್ಟಿಗೆ ಒರಗಿ ನಿಂತು ಕೇಳಿದರು.

"ಶಿಕಾಗೋದಲ್ಲಿ ಚೆನ್ನಾಗಿ ಸುತ್ತಿದ್ರಂತೆ?"

"ಹ್ಞೂಂ. ಸ್ವಲ್ಪ."

"ಕನ್ನಡಿ ನೋಡಿದ್ರಂತೆ, ಸಿಂಹ ನೋಡಿದ್ರಂತೆ. ವಾಪಸ್ ಬರೋದೊಂದು ನೋಡ್ಕೊಳ್ಲಿಲ್ಲ ಇಬ್ಬರೂ." ನಕ್ಕರು. ನಗು ಮುಗಿದ ಮೇಲೆ, "ಅವ್ರೇ ಇರ್ತೀನಿ ಅಂದ್ರಾ? ನನ್ ಹತ್ರ ಬರ್ತೀನಿ ಅಂದಿದ್ರು," ಎಂದರು.

ಆಗ ಹೇಳಬಹುದಿತ್ತು. "ಅವನ ಕ್ಲಯಂಟ್ ಕೆಲಸ ಇತ್ತಲ್ಲ ಅತ್ತಿಗೆ," ಎಂದೆ. ಇದು ಸುಳ್ಳಲ್ಲ. ಅಂಥ ಸುಳ್ಳಲ್ಲದ ಮಾತುಗಳನ್ನು ಆಡುವುದರಲ್ಲಿ ಓದಿದವರು ನಾವು ಪಳಗಿದವರು.

ಈ ನಡುವೆ ಗೆಳೆಯ ಒಂದು ಹೊಸ ಅಭ್ಯಾಸ ಹಚ್ಚಿಕೊಂಡ. ಅವನಿಗೆ ಸಂಜೆಯಾದಾಗ ನಮಗೆ ಮರುದಿನದ ಬೆಳಿಗ್ಗೆ. ಕೆಲಸ ಮುಗಿಸಿ ನಡೆಯಲು ಹೊರಟು, ಮೊದಲು ಅತ್ತಿಗೆಯ ಹತ್ತಿರ ಮಾತಾಡಿ, ಆಮೇಲೆ ನನಗೆ ವಿಡಿಯೋ ಕರೆ ಮಾಡುತ್ತಿದ್ದ. ನಾನು ಕಾಫಿ ಕುಡಿಯುತ್ತ ಶಿಕಾಗೋ ನೋಡುತ್ತಿದ್ದೆ. "ವಿಜ್ಞಾನಿಗಳೇ, ಇವತ್ತಿನ ಪ್ರೇಕ್ಷಣೀಯ ಸ್ಥಳ," ಎಂದು ಗೈಡಿನ ಗತ್ತಿನಲ್ಲಿ ಶುರುಮಾಡುವನು. ಒಬ್ಬರೂ ಇಲ್ಲದ ದೊಡ್ಡ ಬೀದಿ. ಸುತ್ತ ಬೇಲಿ ಹಾಕಿದ ಉಕ್ಕಿನ ಕನ್ನಡಿ. ಬಾಯಿಗೆ ಮಾಸ್ಕ್ ಕಟ್ಟಿಸಿಕೊಂಡ ಸಿಂಹಗಳು. "ಇವರೂ ನನ್ನ ಹಾಗೇ. ಬಾಗಿಲಲ್ಲೇ ಇದಾರೆ, ಒಳಗೆ ಬಿಡಲ್ಲ," ಎಂದ ಅವತ್ತು.

ಹೀಗೆ ತಿಂಗಳುಗಟ್ಟಲೆ ನಡೆಯಿತು. ನನ್ನ ನೆನಪು ಕೆಟ್ಟದ್ದು ಇಲ್ಲಿಯೇ ಎಂದು ನನ್ನ ಊಹೆ. ನನ್ನ ಕಣ್ಣಿಂದ ನೋಡಿದ ಶಿಕಾಗೋ ಕೆಲವು ದಿನಗಳದು, ಅವನ ಕೈಯಲ್ಲಿನ ಫೋನಿನಿಂದ ನೋಡಿದ್ದು ಒಂದು ಇಡೀ ಬೇಸಿಗೆಯದು. ಎರಡರಲ್ಲೂ ಅದೇ ದನಿ, ಅದೇ ತಮಾಷೆ. ಈಗ ಯಾವುದೋ ಬೀದಿ ತಿರುವು ನೆನಪಾದರೆ ಅಲ್ಲಿ ನನ್ನ ಕಾಲಿಗೆ ಚಳಿಯಾಗಿತ್ತೇ, ಕೈಯಲ್ಲಿ ಮನೆಯ ಕಾಫಿ ಲೋಟವಿತ್ತೇ ಎಂದು ಯೋಚಿಸಬೇಕು.

ಜುಲೈ ಬಂತು. ಬಾಣಂತನಕ್ಕೆ ಗೆಳೆಯನ ತಾಯಿಯೇ ಬರುವುದೆಂದು ಮೊದಲೇ ನಿಶ್ಚಯವಾಗಿತ್ತು. ಅತ್ತಿಗೆಯ ತಾಯಿಗೆ ಮಂಡಿಯ ತೊಂದರೆ. ಈಗ ಯಾರೂ ಬರುವಂತಿರಲಿಲ್ಲ. ಹೆರಿಗೆ ನೋವು ಶುರುವಾದಾಗ ಕರೆದರೆ ಬರುವ ಟ್ಯಾಕ್ಸಿ ವ್ಯವಸ್ಥೆ ಇಲ್ಲಿದೆ. ಮೊದಲೇ ಹೆಸರು, ಆಸ್ಪತ್ರೆ ಹೇಳಿಟ್ಟಿರಬೇಕು. ಅತ್ತಿಗೆ ತಾವೇ ಜಪಾನಿಯಲ್ಲಿ ಮಾತಾಡಿ ಅದನ್ನು ಮಾಡಿಕೊಂಡಿದ್ದರು. ಗೆಳೆಯ ನನಗೆ ಒಂದೇ ಒಂದು ಮಾತು ಹೇಳಿದ್ದ: "ನೋವು ಬಂದ್ರೆ ನಂಗೆ ಮಾಡ್ತಾಳೆ, ಇಲ್ಲಾ ನಿಂಗೆ ಮಾಡ್ತಾಳೆ. ಇಬ್ಬರಲ್ಲಿ ಒಬ್ರಾದ್ರೂ ಎತ್ತೋಣ. ಆಸ್ಪತ್ರೆ ಬಾಗಿಲವರೆಗೂ ಫೋನಲ್ಲಿ ಯಾರಾದ್ರೂ ಇರ್ಬೇಕು."

ಆ ಬೆಳಿಗ್ಗೆ ಅವನು ಎಂದಿಗಿಂತ ಉತ್ಸಾಹದಲ್ಲಿದ್ದ. "ಇವತ್ತು ಸ್ಪೆಷಲ್ ಕಣೋ. ದೋಣಿ ಬಿಟ್ಟಿದಾರೆ! ಟಿಕೆಟ್ ತಗೊಂಡ್ಬಿಟ್ಟೆ. ನಿಂಗೆ ಫ್ರೀ."

ದೋಣಿಯಲ್ಲಿ ಜನ ದೂರದೂರ ಕೂತಿದ್ದರು. ಗೆಳೆಯ ಫೋನನ್ನು ಎದೆಯ ಹತ್ತಿರ ಹಿಡಿದು ಎರಡೂ ದಡ ತೋರಿಸುತ್ತ ಹೋದ. ಸೇತುವೆ ಬಂದಾಗಲೆಲ್ಲ ತೆರೆ ಕಪ್ಪಾಗಿ ಮತ್ತೆ ಬೆಳಗುತ್ತಿತ್ತು. ಗಾಳಿಯ ಸದ್ದಿಗೆ ಇಬ್ಬರೂ ಕೂಗಿಕೊಳ್ಳುತ್ತಿದ್ದೆವು. ಈಚೆ ದಡ, ಆಚೆ ದಡ, ಆ ಕಟ್ಟಡ ನೋಡು ಜೋಳದ ತೆನೆ ಥರ ಇದೆ, ನೋಡೋ ನೋಡೋ. ನಾನು ಫೋನನ್ನು ಕಾಫಿ ಲೋಟಕ್ಕೆ ಆನಿಸಿಟ್ಟು ಉಪ್ಪಿಟ್ಟು ತಿನ್ನುತ್ತಿದ್ದೆ. ಆ ಹೊತ್ತು ನಾನು ಸಂತೋಷವಾಗಿದ್ದೆ ಎಂಬುದನ್ನೂ ಬರೆಯಬೇಕು. ಅವನೂ ಸಂತೋಷವಾಗಿದ್ದ. ಮಾರ್ಚ್ ಆದ ಮೇಲೆ ಮೊದಲ ಸಲ ನಾವು ಬರೀ ಊರು ನೋಡುತ್ತಿದ್ದೆವು.

ದೋಣಿ ದಡ ಸೇರುವವರೆಗೂ ನಾವು ಕರೆ ಕಡಿಯಲಿಲ್ಲ. ಕಡಿದ ಮೇಲೆ ನೋಡಿದರೆ ಅತ್ತಿಗೆಯ ಕರೆಗಳು. ಅವನ ಫೋನಿನಲ್ಲೂ ಇದ್ದವು, ನನ್ನದರಲ್ಲೂ ಇದ್ದವು. ಗಾಳಿಯ ಗದ್ದಲದಲ್ಲಿ ಇನ್ನೊಂದು ಕರೆ ಬರುತ್ತಿರುವ ಸಣ್ಣ ಕುಂಯ್ ಸದ್ದು ಇಬ್ಬರಿಗೂ ಕೇಳಿಸಿರಲಿಲ್ಲ. ನಾನು ತಿರುಗಿ ಮಾಡಿದಾಗ ಅವರು ಆಸ್ಪತ್ರೆಯ ಒಳಗಿದ್ದರು. ನೋವಿನಲ್ಲಿ, ಒಂದು ಕೈಯಲ್ಲಿ ಬ್ಯಾಗು ಹಿಡಿದು, ಟ್ಯಾಕ್ಸಿ ಡ್ರೈವರನಿಗೆ "ಸುಮಿಮಾಸೆನ್, ಸುಮಿಮಾಸೆನ್" ಎಂದು ಕ್ಷಮೆ ಕೇಳುತ್ತ ಒಬ್ಬರೇ ಹೋಗಿದ್ದರು.

"ಇಬ್ಬರೂ ಎಂಗೇಜು," ಎಂದರು, ಉಸಿರು ಹಿಡಿದು ಹಿಡಿದು. "ಒಬ್ಬರು ಊರು ತೋರಿಸ್ತಿದ್ರು, ಒಬ್ಬರು ನೋಡ್ತಿದ್ರು, ಅಲ್ವಾ?" ನಾನು ಏನೋ ಹೇಳಲು ಹೋದೆ. "ಇರ್ಲಿ ಬಿಡಿ. ಅವ್ರಿಗೆ ಹೇಳಿ, ಫೋನ್ ಚಾರ್ಜ್ ಹಾಕಿಟ್ಕೊಳ್ಲಿ," ಎಂದು ಇಟ್ಟರು.

ಸಂಜೆಯ ಹೊತ್ತಿಗೆ ಹೆಣ್ಣು ಮಗು. ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ. ಗೆಳೆಯ ಮಗಳನ್ನು ಮೊದಲು ಕಂಡದ್ದು ಫೋನಿನ ತೆರೆಯಲ್ಲಿ, ನಾನು ಶಿಕಾಗೋ ಕಂಡಂತೆ.

ಬಾಣಂತನ ನನ್ನ ಪಾಲಿಗೆ ಬಂತು. ಗೆಳೆಯನ ತಾಯಿ ಮೈಸೂರಿನ ಅಡುಗೆಮನೆಯಲ್ಲಿ ಫೋನ್ ನಿಲ್ಲಿಸಿಕೊಂಡು, ಸಗಮಿಹಾರಾದ ನನ್ನ ಒಂಟಿ ಒಲೆಯ ಮೇಲೆ ಮೆಣಸು-ಬೆಳ್ಳುಳ್ಳಿ ಸಾರು ಮಾಡಿಸಿದರು.

"ತುಪ್ಪ ಹಾಕು. ಇನ್ನೂ ಹಾಕು. ಜಿಪುಣತನ ಮಾಡ್ಬೇಡ, ಬಾಣಂತಿಗೆ ಅದು. ಬೆಳ್ಳುಳ್ಳಿ ಕೆಂಪಗಾಗ್ಬೇಕು ಅಂದೆ, ಕಪ್ಪಗಲ್ಲ! ಏನ್ ಓದಿದ್ಯೋ ಅಷ್ಟು ವರ್ಷ?"

ಮುಚ್ಚಳ ಬಿಗಿದರೂ ಆ ವಾಸನೆ ರೈಲು ಬೋಗಿಯ ತುಂಬ ಹಬ್ಬುತ್ತಿತ್ತು. ಎಲ್ಲರೂ ಮಾಸ್ಕ್ ಹಾಕಿದ್ದರಿಂದ ಬಚಾವಾದೆ. ಮೊದಲ ಸಲ ಸಾರು ಒಯ್ದ ದಿನ ಅತ್ತಿಗೆ ಮಗುವನ್ನು ಬಾಗಿಲಿಗೆ ತಂದು ತೋರಿಸಿದರು. ಮೆಟ್ಟಿಲ ಹತ್ತಿರ ನಿಂತು ನೋಡಿದೆ. ಮೂಗು ಗೆಳೆಯನದೇ. ಅವನಿಗಿಂತ ಮೊದಲು ನಾನು ಆ ಮೂಗನ್ನು ಕಣ್ಣಾರೆ ನೋಡಿದೆನಲ್ಲ ಎನ್ನಿಸಿ ಕಣ್ಣು ಕೆಳಗೆ ಮಾಡಿದೆ. ಅತ್ತಿಗೆ, ಮಗು ಚೆನ್ನಾಗಿಲ್ಲವಾ ಎಂದು ಕೇಳಿದರು.

ಕಾರ್ಡಿದ್ದವರನ್ನು ಒಳಗೆ ಬಿಡಲು ಜಪಾನ್ ಶುರುಮಾಡಿದ್ದು ಆಗಸ್ಟಿನಲ್ಲಿ. ಪರೀಕ್ಷೆ, ಒಪ್ಪಿಗೆ ಪತ್ರ, ಬಂದ ಮೇಲೆ ಎರಡು ವಾರ ಹೋಟೆಲಿನಲ್ಲಿ ಒಂಟಿವಾಸ, ಎಲ್ಲ ಮುಗಿಸಿ ಗೆಳೆಯ ಮನೆಗೆ ಬಂದ ದಿನ ನಾನು ಅಲ್ಲಿರಲಿಲ್ಲ. ಕರೆದಿದ್ದರು. ಲ್ಯಾಬಿನಲ್ಲಿ ಕೆಲಸವಿದೆ ಎಂದೆ. ಮಗು ಅಪ್ಪನ ಮುಖ ನೋಡಿ ಕಿರುಚಿ ಅತ್ತಿತಂತೆ, ಅವನು ಫೋನನ್ನು ಮುಖದ ಮುಂದೆ ಚೌಕಟ್ಟಿನಂತೆ ಹಿಡಿದ ಮೇಲೆ ಸುಮ್ಮನಾಯಿತಂತೆ. ಇದನ್ನು ಅವನು ದೊಡ್ಡ ತಮಾಷೆಯಂತೆ ಹೇಳುತ್ತಾನೆ. ಎಷ್ಟು ಸಲ ಕೇಳಿದರೂ ನನಗೆ ನಗಲು ಆಗಿಲ್ಲ.

ಆಮೇಲೆ ನಾವು ಭೇಟಿಯಾಗುತ್ತಿದ್ದೆವು, ಹಬ್ಬಕ್ಕೆ ಸೇರುತ್ತಿದ್ದೆವು, ಆ ವಿಷಯ ಮಾತ್ರ ಎತ್ತುತ್ತಿರಲಿಲ್ಲ. ಅವನು ಮರೆತಿದ್ದಾನೆಯೇ, ಮನಸ್ಸಿನಲ್ಲಿ ಇಟ್ಟುಕೊಂಡಿದ್ದಾನೆಯೇ ಎಂದು ಅವನ ಪ್ರತಿ ತಮಾಷೆಯನ್ನೂ ನಾನು ಒಡೆದು ನೋಡುತ್ತಿದ್ದೆ. ಕೊನೆಗೆ ಕೇಳಿದ್ದು ಮಗುವಿಗೆ ಎರಡು ವರ್ಷ ಆಗುತ್ತ ಬಂದಾಗ, ಉರಯಾಸುವಿನ ಕಡಲ ದಂಡೆಯ ಕಟ್ಟೆಯ ಮೇಲೆ. ಆಚೆ ಹನೇದಾ ವಿಮಾನ ನಿಲ್ದಾಣಕ್ಕೆ ಇಳಿಯುವ ವಿಮಾನಗಳು ಸಾಲಾಗಿ ಬರುತ್ತಿದ್ದವು. ಮಗು ಒಂದೊಂದಕ್ಕೂ ಕೈ ತೋರಿಸಿ "ಹಿಕೋಕಿ!" ಎನ್ನುತ್ತಿತ್ತು.

"ವಿಮಾನ ಅನ್ನು ಪುಟ್ಟಿ, ವಿ-ಮಾ-ನ," ಎಂದ ಗೆಳೆಯ.

"ಹಿಕೋಕಿ!"

"ಆಯ್ತಮ್ಮ, ಹಿಕೋಕಿ. ಹತ್ತಿಸ್ಕೊಂಡ್ರೆ ಸಾಕು, ಹೆಸರೇನಾದ್ರೂ ಇರ್ಲಿ."

ನಾನು ಬಾಯಿಬಿಟ್ಟೆ. "ಶಿಕಾಗೋದಲ್ಲಿ, ಆ ದೋಣೀಲಿ, ನೀನು ನನ್ ಜೊತೆ ಬರ್ತೀನಿ ಅಂದಾಗ ನಾನು ಬೇಡ ಅಂದೆ ಅಲ್ವಾ?"

"ಯಾವ ದೋಣಿ?"

"ನದೀಲಿ. ನಾನಿದ್ದಾಗ."

"ನೀನಿದ್ದಾಗ ದೋಣಿ ಎಲ್ಲಿತ್ತೋ? ಟಿಕೆಟ್ ಕಿಟಕಿ ಮುಚ್ಚಿತ್ತು. ಸೇತುವೆ ಮೇಲೆ ನಿಂತು ಕಾಫಿ ಕುಡಿದ್ವಿ. ದೋಣಿ ನಾನೊಬ್ನೇ ಹೋಗಿದ್ದು, ಇವಳು ಹುಟ್ಟಿದ ದಿನ. ನೀನು ಉಪ್ಪಿಟ್ಟು ತಿಂತಿದ್ದೆ."

"ಸರಿ, ಸೇತುವೆ. ಸೇತುವೆ ಮೇಲೆ ನಾನು ಇರು ಅಂದೆನಾ?"

ಅವನು ಮಗುವಿನ ಟೋಪಿ ಸರಿಮಾಡಿದ. ಇಳಿಯುತ್ತಿದ್ದ ವಿಮಾನವೊಂದನ್ನು ಅವಳಿಗೆ ತೋರಿಸಿದ.

"ನೀನೇನೋ ಭಾಷಣ ಮಾಡಿದೆ. ನೀನು ಯಾವಾಗ್ಲೂ ಮಾಡ್ತೀಯ. ನಿನ್ ಮಾತು ಕೇಳಿ ನಾನು ಯಾವತ್ತು ಏನ್ ಮಾಡಿದೀನಿ? ಆವತ್ತು ಸಂಜೆ ನಾನೇ ನೋಡ್ದೆ, ನಿನ್ ಫ್ಲೈಟಲ್ಲಿ ಸೀಟೇ ಇರ್ಲಿಲ್ಲ. ಫುಲ್ಲು. ಬರ್ತೀನಿ ಅಂದ್ರೂ ಬರಕ್ಕಾಗ್ತಿರ್ಲಿಲ್ಲ ಕಣೋ. ಅದನ್ನ ಇಟ್ಕೊಂಡು ಎರಡು ವರ್ಷ ಕೊರಗಿದ್ಯಾ? ಥೂ ನಿನ್ನ." ಬೆನ್ನಿಗೆ ಒಂದು ಗುದ್ದು ಹಾಕಿದ. "ಬಾ, ಕೊಂಬಿನಿ ಅಂಗಡೀಲಿ ಐಸ್‌ಕ್ರೀಮ್ ಕೊಡ್ಸು ನನ್ ಮಗಳಿಗೆ. ಅದು ನಿನ್ ಶಿಕ್ಷೆ."

ಐಸ್‌ಕ್ರೀಮ್ ಕೊಡಿಸಿದೆ. ಮನೆಗೆ ಹೋಗುವ ರೈಲಿನಲ್ಲಿ ನಿಂತೇ ಹೋದೆ, ಕೂರಬೇಕೆನ್ನಿಸಲಿಲ್ಲ, ಅಷ್ಟು ಹಗುರ. ಆ ವಿಮಾನದಲ್ಲಿ ಸೀಟಿರಲಿಲ್ಲ. ಎಷ್ಟು ಸರಳ. ದೋಣಿಯೂ ಸುಳ್ಳಾಗಿತ್ತು, ಅದರಲ್ಲಿ ನಾನು ಆಡಿದೆನೆಂದುಕೊಂಡ ಮಾತಿಗೂ ಇನ್ನು ತೂಕವಿರಲಿಲ್ಲ. ಆ ಹಗುರ ಕೆಲವು ವಾರ ಇತ್ತು.

ಆಮೇಲೆ ನನ್ನ ಹಳೆಯ ಚಟ ತಲೆಯೆತ್ತಿತು. ಗೆಳೆಯ ಹೇಳಿದ್ದನ್ನು ನಂಬಿ ಸುಮ್ಮನಿರುವುದು ನನ್ನಿಂದ ಆಗಲಿಲ್ಲ. ಇಬ್ಬರ ನಡುವಿನ ಹಳೆಯ ಸಂದೇಶಗಳನ್ನು ಹಿಂದೆ ಹಿಂದೆ ಸರಿಸುತ್ತ ಆ ಮಾರ್ಚಿಗೆ ಹೋದೆ. ವಿಮಾನ ಹೊರಡುವ ಮೊದಲು ಸೀಟಿನಿಂದಲೇ ಅವನಿಗೆ ಒಂದು ಫೋಟೋ ಕಳಿಸಿದ್ದೆ, ಕಳಿಸಿದ್ದೇ ಮರೆತುಹೋಗಿತ್ತು. ಅದರ ಕೆಳಗೆ ನಾನು ಬರೆದಿದ್ದೆ: "ನೋಡೋ, ರಾಜನ ಥರ ಮಲ್ಕೊಂಡು ಹೋಗ್ತೀನಿ." ಅವನು ಆಗಲೇ ಉತ್ತರ ಕೊಟ್ಟಿದ್ದ: "ಮಜಾ ಮಾಡು ಮಗನೇ." ಹತ್ತಬೇಕಾದವರು ಇನ್ನೂ ಇದ್ದಿರಬಹುದು ಎಂದು ನನ್ನೊಂದಿಗೆ ನಾನೇ ವಾದ ಮಾಡಿದೆ. ಆದರೆ ಫೋಟೋದ ಅಂಚಿನಲ್ಲಿ ಪರಿಚಾರಿಕೆ ತಲೆಯ ಮೇಲಿನ ಸಾಮಾನಿನ ಬಾಗಿಲುಗಳನ್ನು ಮುಚ್ಚಿಕೊಂಡು ಬರುತ್ತಿದ್ದಾ‍ಳೆ. ಕಳಿಸಿದ ಹೊತ್ತನ್ನೂ ವಿಮಾನ ಹೊರಟ ಹೊತ್ತನ್ನೂ ಹೊಂದಿಸಿ ನೋಡಿದೆ, ಬಾಗಿಲು ಹಾಕಿ ಆಗಿತ್ತು. ನನ್ನ ಸಾಲಿನಲ್ಲಿ ಪಕ್ಕದ ಎರಡೂ ಸೀಟುಗಳು ಖಾಲಿ ಇವೆ. ಮುಂದಿನ ಸಾಲೂ ಖಾಲಿ ಇದೆ.